ನೀರಿನ ಕೆಳಗಿನ ಕೊಯ್ಲು

ಸ್ವಲ್ಪ ಕೂತು ಕೇಳಿ. ಅರ್ಧಕ್ಕೆ ಎದ್ದು ಹೋಗಿ ಅರ್ಧ ಕತೆಗೆ ಪೂರ್ತಿ ತೀರ್ಪು ಕೊಡುವವರು ಊರು ತುಂಬ ಇದ್ದಾರೆ, ಅವರ ಸಾಲಿಗೆ ನೀವೂ ಸೇರಬೇಡಿ. ಉದ್ದಕ್ಕ ಮಾಡಿದ್ದು ಸರಿಯೋ ತಪ್ಪೋ ಎಂದು ಚಾಪೆ ಕೇರಿಯಲ್ಲಿ ಇವತ್ತಿಗೂ ಎರಡು ಗುಂಪಿದೆ. ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಾರೆ, ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲ ಶುರುವಾದದ್ದು ಒಂದು ಕಲ್ಲಿನಿಂದ.

“ಏ ಮುದುಕಿ! ಇಳಿಯೇ ಅಲ್ಲಿಂದ! ಅದು ಮಸೆಯೋ ಕಲ್ಲಲ್ಲ, ಕಲೆ! ಕಲೆ ಕಣೇ ಅದು!”

ಕೂಗಿದವನು ಹೊಸ ಉದ್ಯಾನದ ಅಧಿಕಾರಿ. ಬಿಸಿಲಿರಲಿ ಬಿಡಲಿ, ಅಗಲ ಅಂಚಿನ ಟೊಪ್ಪಿಗೆ ಅವನ ತಲೆಯಿಂದ ಇಳಿಯುತ್ತಿರಲಿಲ್ಲ. ಕೇರಿಯ ಹೆಂಗಸರು ಅವನಿಗೆ ಟೊಪ್ಪಿ ಎಂದೇ ಹೆಸರಿಟ್ಟಿದ್ದರು. ಕೂಗಿಸಿಕೊಂಡವಳು ಉದ್ದಕ್ಕನ ಅತ್ತೆ. ಕೆರೆ ದಂಡೆಯ ಕರಿಗಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಕಲ್ಲಿಗೆ ನೀರು ಚಿಮುಕಿಸಿ, ಕುಡುಗೋಲು ಮಸೆಯುತ್ತಿದ್ದಳು. ಐವತ್ತು ವರ್ಷದಿಂದ ಮಸೆದದ್ದು ಅದೇ ಕಲ್ಲಿಗೆ. ಅವಳಿಗಿಂತ ಮುಂಚೆ ಅವಳ ಅತ್ತೆ, ಅದಕ್ಕೂ ಮುಂಚೆ ಆ ಅತ್ತೆಯ ಅತ್ತೆ. ಕಲ್ಲಿನ ಮೈಮೇಲೆ ಬೆರಳು ಹೂತುಹೋಗುವಷ್ಟು ಆಳದ ಹನ್ನೊಂದು ಗೆರೆಗಳು ಬಿದ್ದಿದ್ದವು. ಈಗ ಆ ಕಲ್ಲನ್ನು ಗಿಡ್ಡ ಸಿಮೆಂಟು ಕಟ್ಟೆಯ ಮೇಲೆ ಕೂರಿಸಿ ಹಿತ್ತಾಳೆ ಫಲಕ ಹೊಡೆದಿದ್ದರು: ‘ಕಾಲದ ಗೆರೆಗಳು. ಗಾಳಿ ಮತ್ತು ನೀರು ಕೆತ್ತಿದ ಕಾವ್ಯ.’ ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಕಲಾವಿದೆಯ ಹೆಸರು.

ಅತ್ತೆಗೆ ಓದು ಬರುವುದಿಲ್ಲ. ಓಡಿ ಬಂದ ಉದ್ದಕ್ಕನನ್ನು ಕೇಳಿದಳು. “ಏನಂತೆ ಇದು?”

“ಗೆರೆಗಳನ್ನೆಲ್ಲ ಗಾಳಿ, ನೀರು ಕೆತ್ತಿದವಂತೆ ಅತ್ತೆ.”

“ಯಾಕೆ, ಗಾಳಿ ಹತ್ರ ಕುಡುಗೋಲು ಇತ್ತಾ?”

ಟೊಪ್ಪಿ ಅಷ್ಟರಲ್ಲಿ ಕುಡುಗೋಲು ಕಿತ್ತುಕೊಂಡು ಕಾವಲುಗಾರನ ಕಾಲ ಬುಡಕ್ಕೆ ಎಸೆದಿದ್ದ. “ಈ ದರಿದ್ರವನ್ನ ಒಳಗೆ ಬಿಟ್ಟೋನು ಯಾರೋ? ನಿನಗೆ ಗೊತ್ತಾ ಇವಳು?”

ಕಾವಲುಗಾರ ಅತ್ತೆಯ ಕಿರಿ ಮಗ. ಆ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಬೆಳಿಗ್ಗೆ ಗೇಟು ತೆರೆದು ತಾಯಿಯನ್ನು ಒಳಗೆ ಬಿಟ್ಟವನೂ ಅವನೇ. ತಾಯಿಯ ಮುಖ ನೋಡಲಿಲ್ಲ, ಪಾದ ನೋಡಿದ.

“ಕೇರಿಯವಳು ಇರ್ಬೇಕು ಸಾರ್. ನನಗೆ ಗೊತ್ತಿಲ್ಲ.”

ಅತ್ತೆ ಮೊಣಕಾಲು ಹಿಡಿದುಕೊಂಡು ಕಟ್ಟೆಯಿಂದ ಇಳಿದಳು. ಮಗನ ಕಾಲ ಬುಡದಲ್ಲಿದ್ದ ಕುಡುಗೋಲು ಎತ್ತಿಕೊಳ್ಳುತ್ತ, “ಹೌದು ಬಿಡಪ್ಪ, ನಾನು ಯಾರೋ ನೀನು ಯಾರೋ,” ಎಂದಳು, ಅಷ್ಟೇ.

ಉದ್ದಕ್ಕನಿಗೆ ಆ ಹೆಸರು ಬಂದದ್ದು ಎತ್ತರದಿಂದ. ಎದೆಮಟ್ಟದ ನೀರಿಗಿಳಿದು ಜೊಂಡು ಕೊಯ್ಯಬಲ್ಲವಳು ಕೇರಿಯಲ್ಲಿ ಅವಳೊಬ್ಬಳೇ. ಉದ್ದಕ್ಕನ ಗಂಡ ತೀರಿಕೊಂಡ ಮೇಲೆ ಅತ್ತೆ ಕಿರಿ ಮಗನ ಮನೆಗೆ ಹೋಗದೆ ಇವಳ ಜೊತೆಗೇ ಉಳಿದಳು. ಕೇಳಿದವರಿಗೆಲ್ಲ, “ಅಲ್ಲಿ ನಾನು ಬರೀ ತಾಯಿ, ಇಲ್ಲಿ ಜೊತೆ ಕೆಲಸದವಳು. ಜೊತೆ ಕೆಲಸದವಳಿಗೆ ಮರ್ಯಾದೆ ಜಾಸ್ತಿ,” ಎನ್ನುತ್ತಿದ್ದಳು. ಇದ್ದದ್ದು ಒಂದೇ ಕೋಣೆ. ತೊಲೆಗೆ ಕಟ್ಟಿದ ಜೊಂಡಿನ ಹೊರೆ, ಗೋಡೆಗೆ ಒರಗಿಸಿದ ಸುತ್ತಿದ ಚಾಪೆಗಳು, ನಡುವೆ ಇಬ್ಬರು ಎದುರುಬದುರು ಕೂತು ನೇಯುವಷ್ಟು ನೆಲ. ಅತ್ತೆ ಎಡದಿಂದ, ಸೊಸೆ ಬಲದಿಂದ. ನಡುವೆ ಕೈಗೆ ಕೈ ತಾಗಿದರೆ ಒಂದು ಚಾಪೆ ಮುಗಿಯಿತು ಎಂದು ಲೆಕ್ಕ.

ಕೆರೆಯ ಜೊಂಡಿಗೆ ಕೇರಿಯವರದೇ ಒಂದು ಕಟ್ಟಳೆಯಿತ್ತು. ಇಡೀ ಜೊಂಡನ್ನು ಮೂರು ಪಾಲು ಮಾಡಿ ಎರಡು ಪಾಲು ಕೊಯ್ಯುವುದು, ಒಂದು ಪಾಲು ಮುಟ್ಟದೆ ಬಿಡುವುದು. ಬಿಟ್ಟದ್ದಕ್ಕೆ ಹಕ್ಕಿ ಪಾಲು ಎಂದು ಹೆಸರು. ಮರುವರ್ಷ ಹಕ್ಕಿ ಪಾಲು ಪಕ್ಕಕ್ಕೆ ಸರಿಯುತ್ತಿತ್ತು, ಹಕ್ಕಿಗಳೂ ಸರಿಯುತ್ತಿದ್ದವು. ಯಾರೂ ಯಾರಿಗೂ ಅರ್ಜಿ ಕೊಟ್ಟಿರಲಿಲ್ಲ.

ಆಮೇಲೆ ಉದ್ಯಾನ ಬಂತು. ಓಡಾಡಲು ಕೆಂಪು ಇಟ್ಟಿಗೆಯ ದಾರಿ, ಮಕ್ಕಳಿಗೆ ಜಾರುಬಂಡೆ, ದೊಡ್ಡವರಿಗೆ ಬೊಜ್ಜು ಕರಗಿಸುವ ಕಬ್ಬಿಣದ ಯಂತ್ರಗಳು, ಹೆಜ್ಜೆ ಹೆಜ್ಜೆಗೂ ಶಿಲ್ಪ. ಕೆರೆಯ ನಟ್ಟನಡುವೆ ಮೂರಾಳೆತ್ತರದ ಉಕ್ಕಿನ ಹಕ್ಕಿ. ಮತ್ತು ಜೊಂಡಿನ ಸುತ್ತ ತಂತಿ ಬೇಲಿ, ಬೇಲಿಗೆ ಹಸಿರು ಬೋರ್ಡು: ‘ಜೀವವೈವಿಧ್ಯ ವಲಯ. ಇಲ್ಲಿ ನಿಸರ್ಗ ವಿಶ್ರಮಿಸುತ್ತಿದೆ. ಪ್ರವೇಶ ನಿಷೇಧ.’

“ನಿಸರ್ಗ ಮಲಗಿದೆಯಂತೆ ಅಕ್ಕ, ಮೆಲ್ಲಗೆ ಕೆಮ್ಮು,” ಎಂದಳು ಓರಗಿತ್ತಿ. ಕಾವಲುಗಾರನ ಹೆಂಡತಿ ಇವಳು; ಬಾಯಿ ಬಿಟ್ಟರೆ ತಮಾಷೆ, ಮುಚ್ಚಿದರೆ ನಗು. ಆ ವರ್ಷ ಕೊಯ್ಲಿಲ್ಲ. ತೊಲೆಯ ಹೊರೆ ಖಾಲಿಯಾಯಿತು, ಗೋಡೆಯ ಚಾಪೆ ಖಾಲಿಯಾಯಿತು. ಅತ್ತೆ ಬರೀ ನೆಲದ ಮೇಲೆ ಕೂತು ಬೆರಳು ಮಡಚಿ ಬಿಚ್ಚಿ ಮಾಡುತ್ತಿದ್ದಳು, ಮರೆತುಹೋಗದಿರಲಿ ಎಂದು.

ಸಾರ್ವಜನಿಕರ ಅಭಿಪ್ರಾಯ ಕೇಳುವ ಸಭೆಯೂ ನಡೆಯಿತು. ಎದುರಿನ ಅಪಾರ್ಟ್‌ಮೆಂಟಿನವರಿಗೆ ಕುರ್ಚಿ, ಕೇರಿಯವರಿಗೆ ಹುಲ್ಲು. ಉದ್ದಕ್ಕ ಎದ್ದು ನಿಂತಳು.

“ಎರಡು ಪಾಲು ಬೇಡ ಸಾರ್, ಒಂದೇ ಪಾಲು ಕೊಯ್ಯಕ್ಕೆ ಬಿಡಿ. ಕೊಯ್ಯದೇ ಬಿಟ್ರೆ ಜೊಂಡು ಒತ್ತಾಗಿ ಬೆಳ್ದು ನೀರೇ ಮುಚ್ಚೋಗುತ್ತೆ. ಆಮೇಲೆ ಹಕ್ಕಿನೂ ಬರಲ್ಲ.”

ಟೊಪ್ಪಿ ಕುರ್ಚಿಯವರ ಕಡೆ ತಿರುಗಿದ. “ನೋಡಿ, ಕುರಿ ಹೇಗೆ ಸಾಕಬೇಕು ಅಂತ ಕಟುಕ ಪಾಠ ಹೇಳ್ತಿದಾನೆ!”

ಕುರ್ಚಿಗಳು ನಕ್ಕವು. ಕಲಾವಿದೆ ಮೇಡಂ ಮಾತ್ರ ನಗಲಿಲ್ಲ, ಮಧ್ಯೆ ಬಂದಳು. “ಛೆ, ಹಾಗನ್ಬೇಡಿ. ಇವರನ್ನೂ ನಾವು ಒಳಗೊಳ್ಳಬೇಕು.”

“ಒಳಗೊಳ್ಳೋದು ಅಂದ್ರೆ ಗೇಟಿನ ಒಳಗಾ ಮೇಡಂ, ಬೇಲಿಯ ಒಳಗಾ?” ಓರಗಿತ್ತಿ ಕೇಳಿದಳು.

ಮೇಡಂ ಹೇಳಿದ್ದು ಇಷ್ಟು. ಉದ್ಯಾನದಲ್ಲಿ ಒಂದು ಜೀವಂತ ಕಲೆಯ ಮೂಲೆ ಇರುತ್ತದೆ. ಅತ್ತೆ ಅಲ್ಲಿ ಕೂತು ಚಾಪೆ ನೇಯಬೇಕು, ಬಂದವರು ನೋಡಬೇಕು. ಉದ್ಘಾಟನೆಗೆ ಮಂತ್ರಿ ಬರುತ್ತಾರೆ, ಮೆಚ್ಚಿಕೊಂಡರೆ ಕೊಯ್ಯುವ ವಿಷಯವನ್ನೂ ಅವರ ಕಿವಿಗೆ ಹಾಕಬಹುದು.

ಉದ್ದಕ್ಕನಿಗೆ ಮನಸ್ಸಿರಲಿಲ್ಲ. ಅತ್ತೆಯೇ ಒಪ್ಪಿಕೊಂಡಳು. “ಹೋಗ್ತೀನಿ ಬಿಡು. ಒಂದು ಕಾಲು ಒಳಗಿಟ್ರೆ ಇನ್ನೊಂದು ಕಾಲು ತಾನೇ ಬರುತ್ತೆ. ನನಗೇನು, ಎಲ್ಲಿ ಕೂತ್ರೂ ನೇಯೋದೇ. ಮತ್ತೆ ನೀರಿಗೆ ಇಳೀಬೇಕು ಕಣೇ ನಾವು, ಅದೊಂದು ನೋಡು.”

ಉದ್ಘಾಟನೆಗೆ ಎರಡು ದಿನ ಮುಂಚೆ ತಾಲೀಮು. ಅತ್ತೆ ಒಗೆದ ಬಟ್ಟೆ ಉಟ್ಟು ಹೋದಳು. ಮರದ ಕೆಳಗೆ ನಾಲ್ಕು ಗೂಟ, ಗೂಟಕ್ಕೆ ಹಗ್ಗ, ಹಗ್ಗದೊಳಗೆ ಅವಳ ಜಾಗ. ಹಗ್ಗಕ್ಕೆ ಒಂದು ಬೋರ್ಡು: ‘ಅಳಿವಿನಂಚಿನ ಕಸುಬು. ದಯವಿಟ್ಟು ಮುಟ್ಟಬೇಡಿ.’ ಅವಳ ಮುಂದೆ ಇಟ್ಟದ್ದು ಹಸಿರು ಪ್ಲಾಸ್ಟಿಕ್ ಪಟ್ಟಿಗಳ ಕಟ್ಟು.

“ಇದೇನು ಮೇಡಂ?”

“ಜೊಂಡು ಕೊಯ್ಯೋ ಹಾಗಿಲ್ವಲ್ಲ ಅಜ್ಜಿ. ಅದಕ್ಕೇ. ದೂರದಿಂದ ನೋಡಿದ್ರೆ ಥೇಟ್ ಅದೇ ಥರ ಕಾಣುತ್ತೆ.”

ಇಪ್ಪತ್ತು ಹೆಜ್ಜೆ ಆಚೆ, ಬೇಲಿಯೊಳಗೆ, ನಿಜವಾದ ಜೊಂಡು ತಲೆ ಮೀರಿ ಬೆಳೆದು ಗಾಳಿಗೆ ಸುಯ್ಯೆನ್ನುತ್ತಿತ್ತು. ಅತ್ತೆ ಪ್ಲಾಸ್ಟಿಕ್ ಪಟ್ಟಿಯನ್ನು ಮೂಗಿಗೆ ಹಿಡಿದು ನೋಡಿದಳು, ನೇಯತೊಡಗಿದಳು. ಅದು ಜಾರುತ್ತಿತ್ತು. ಜೊಂಡಾದರೆ ನೀರು ಚಿಮುಕಿಸಿದರೆ ಮಾತು ಕೇಳುತ್ತದೆ, ಇದು ಯಾರ ಮಾತೂ ಕೇಳುವಂಥದ್ದಲ್ಲ.

ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ತಾಲೀಮು ನೋಡಲು ಬರಬೇಕಿದ್ದ ಶಾಲೆಯ ಮಕ್ಕಳ ಬಸ್ಸು ಇನ್ನೂ ಬಂದಿರಲಿಲ್ಲ. ಅತ್ತೆ ಎರಡು ಸಲ ತೊಡೆ ಬದಲಿಸಿ ಕೂತಳು. ಮೂರನೆಯ ಸಲ ಉದ್ದಕ್ಕನನ್ನು ಕಣ್ಣಲ್ಲೇ ಕರೆದಳು. ಉದ್ದಕ್ಕ ಟೊಪ್ಪಿಯ ಹತ್ತಿರ ಹೋದಳು.

“ಸಾರ್, ಅತ್ತೆಗೆ ಒಂದಕ್ಕೆ ಹೋಗ್ಬೇಕಂತೆ.”

ಹೊಸ ಶೌಚಾಲಯ ಅಲ್ಲೇ ಎದುರಿಗಿತ್ತು. ಬಿಳಿ ಹೆಂಚಿನ ಗೋಡೆ, ಬಾಗಿಲಿಗೆ ಅಡ್ಡವಾಗಿ ಕೆಂಪು ರಿಬ್ಬನ್ನು. ಬೀಗದ ಕೈ ಕಾವಲುಗಾರನ ಸೊಂಟದಲ್ಲಿ.

“ಅದರ ಉದ್ಘಾಟನೆ ಆಗಿಲ್ಲ,” ಎಂದ ಟೊಪ್ಪಿ. “ಮೊದಲು ಮಂತ್ರಿಗಳು ಹೋಗಲಿ.”

ಅವನು ತಮಾಷೆಗೆ ಹೇಳಿರಲಿಲ್ಲ.

“ಹಾಗಾದ್ರೆ ಆ ಪೊದೆ ಹಿಂದೆ...”

“ಜೀವವೈವಿಧ್ಯ ವಲಯದಲ್ಲಾ? ತಲೆ ಕೆಟ್ಟಿದ್ಯಾ ನಿನಗೆ?”

“ಮನೆಗೆ ಕರ್ಕೊಂಡು ಹೋಗಿ ಬಂದ್ಬಿಡ್ತೀನಿ ಸಾರ್, ಐದೇ ನಿಮಿಷ.”

“ಮಕ್ಕಳು ಬಂದಾಯ್ತು ಅಲ್ಲಿ, ನೋಡು. ಅಲುಗಾಡ್ದೆ ಕೂರಕ್ಕೆ ಹೇಳು.”

ಉದ್ದಕ್ಕ ಕಾವಲುಗಾರನ ಕಡೆ ಓಡಿದಳು. “ಕೊಡೋ ಬೀಗದ ಕೈ. ನಿಮ್ಮಮ್ಮ ಕಣೋ ಅವಳು!”

“ಅತ್ತಿಗೆ, ಮೆಲ್ಲಗೆ ಮಾತಾಡಿ,” ಎಂದ ಅವನು. ಕೈ ಸೊಂಟಕ್ಕೆ ಹೋಯಿತು, ಬೀಗದ ಕೈಯನ್ನು ಮುಟ್ಟಿತು, ಅಲ್ಲೇ ನಿಂತಿತು. “ಕೆಲಸ ಹೋಗುತ್ತೆ ಅತ್ತಿಗೆ.”

ಮಕ್ಕಳು ಹಗ್ಗದ ಸುತ್ತ ನಿಂತರು. ಅತ್ತೆ ನೇಯುತ್ತಿದ್ದಳು. ಮೇಡಂ ಏನೋ ವಿವರಿಸುತ್ತಿದ್ದಳು. ಕೈಗಳ ನೆನಪು, ಪರಂಪರೆಯ ಲಯ, ಇಂಥದೇನೋ. ಅಷ್ಟರಲ್ಲಿ ಮುಂದಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು ಬೆರಳು ತೋರಿಸಿ, “ಮಿಸ್, ಅಜ್ಜಿ ಕೆಳಗೆ ನೀರು ಬರ್ತಿದೆ,” ಎಂದಳು.

ಮಕ್ಕಳು ನಕ್ಕರು. ಮಕ್ಕಳು ತಾನೆ. ಟೀಚರು ಗಡಿಬಿಡಿಯಲ್ಲಿ ಎಲ್ಲರನ್ನೂ ಜಾರುಬಂಡೆಯ ಕಡೆ ತಿರುಗಿಸಿದಳು. ಮೇಡಂ “ಅಯ್ಯೋ ಅಯ್ಯೋ” ಎನ್ನುತ್ತ ಬಗ್ಗಿದ್ದು ಅತ್ತೆಯನ್ನು ಎಬ್ಬಿಸಲು ಅಲ್ಲ, ಅರ್ಧ ನೇಯ್ದ ಪ್ಲಾಸ್ಟಿಕ್ ಚಾಪೆ ಒದ್ದೆಯಾಗದಂತೆ ಎಳೆದುಕೊಳ್ಳಲು. ಟೊಪ್ಪಿ ಮೂಗು ಮುಚ್ಚಿಕೊಂಡ. “ಥೂ! ನಾಯಿಗೂ ಜಾಗ ಯಾವುದು ಅಂತ ಗೊತ್ತಿರುತ್ತೆ. ತೊಳೆಯೋ ಇದನ್ನ!”

ಕಾವಲುಗಾರ ಬಕೆಟ್ಟು ತಂದ. ತಾಯಿಯ ಸುತ್ತ ನೀರು ಸುರಿದು ಪೊರಕೆ ಆಡಿಸಿದ. ಚಾಪೆ ಹೋದ ಮೇಲೂ ಅತ್ತೆಯ ಬೆರಳುಗಳು ನಿಂತಿರಲಿಲ್ಲ, ಬರಿಗಾಳಿಯನ್ನು ನೇಯುತ್ತಿದ್ದವು. ಉದ್ದಕ್ಕ ಹಗ್ಗ ದಾಟಿ ಹೋಗಿ ಅವಳನ್ನು ಮಗುವಿನಂತೆ ಎತ್ತಿಕೊಂಡಳು.

ಮನೆಗೆ ಬಂದ ಅತ್ತೆ ಗೋಡೆಗೆ ಮುಖ ಮಾಡಿ ಮಲಗಿದಳು. ಮಾತು ಬಿಟ್ಟಳು. ಉದ್ದಕ್ಕ ಬಟ್ಟೆ ಒಗೆದು ಹರವಿದಳು, ಹಿಂಡಿದ ರಭಸಕ್ಕೆ ಅದು ಎರಡು ಕಡೆ ಹರಿದಿತ್ತು.

ಅದೇ ಸಂಜೆ ಕಾವಲುಗಾರ ಕೇರಿಗೆ ಸುದ್ದಿ ತಂದ. ವೇದಿಕೆಯ ಮೇಲೆ ಮಂತ್ರಿಯ ಕುರ್ಚಿಯಲ್ಲಿ ಟೊಪ್ಪಿ ಸ್ವತಃ ಕೂತು ನೋಡಿದನಂತೆ. ಉಕ್ಕಿನ ಹಕ್ಕಿಯ ಕೊಕ್ಕು ಬಿಟ್ಟು ಬೇರೇನೂ ಕಾಣಲಿಲ್ಲವಂತೆ, ಜೊಂಡು ಅಷ್ಟು ಎತ್ತರ. ನಾಳೆ ಬೆಳಿಗ್ಗೆ ಕೇರಿಯ ಹೆಂಗಸರೆಲ್ಲ ಕುಡುಗೋಲು ತಗೊಂಡು ಬರಬೇಕಂತೆ.

“ನಿಸರ್ಗ ಎದ್ದುಬಿಡ್ತಾ?” ಎಂದಳು ಅವನ ಹೆಂಡತಿ. ಆ ಸಲ ಅವಳೂ ನಗಲಿಲ್ಲ.

ಬೆಳಿಗ್ಗೆ ಹದಿನೇಳು ಹೆಂಗಸರು ಬೇಲಿಯ ಬಾಗಿಲಲ್ಲಿ ನಿಂತಿದ್ದರು. ವರ್ಷದ ಮೇಲೆ ತೆರೆದ ಬಾಗಿಲು. ಟೊಪ್ಪಿ ಕೈಯಲ್ಲಿ ಆಮಂತ್ರಣ ಪತ್ರಿಕೆಗಳ ಕಂತೆ ಹಿಡಿದು ಅವಸರದಲ್ಲಿದ್ದ.

“ಸಾಯಂಕಾಲದೊಳಗೆ ಎಲ್ಲ ಕ್ಲೀನಾಗ್ಬೇಕು.”

“ಒಳಗೆ ಗೂಡುಗಳಿವೆ ಸಾರ್, ಮೊಟ್ಟೆ ಇಟ್ಟಿರ್ತವೆ,” ಎಂದಳೊಬ್ಬಳು ಮುದುಕಿ.

“ಹಕ್ಕಿ ಅಡ್ಜಸ್ಟ್ ಮಾಡ್ಕೊಳ್ಳುತ್ತೆ.”

“ಎಷ್ಟು ಬಿಟ್ಟು ಕೊಯ್ಯೋದು ಸಾರ್?” ಉದ್ದಕ್ಕ ಕೇಳಿದಳು.

“ಬಿಡೋದೇನು? ಏನೂ ಬಿಡಬಾರದು. ನೀರು ಕನ್ನಡಿ ಥರ ಇರ್ಬೇಕು. ಒಂದು ಕಡ್ಡಿ ಮೇಲೆ ಕಾಣಬಾರದು.”

ಇಲ್ಲಿ ಒಂದು ಮಾತು ಗೊತ್ತಿರಬೇಕು ನಿಮಗೆ. ಜೊಂಡಿನ ಬೇರು ಕೆಸರಿನಲ್ಲಿ ಹೂತಿರುತ್ತದೆ. ಉಸಿರು ಹೋಗುವುದು ಮೇಲಿನ ಟೊಳ್ಳು ದಂಟಿನಿಂದ. ಅದಕ್ಕೇ ನೀರಿನ ಮೇಲೆ ಒಂದು ಗೇಣು ಬಿಟ್ಟು ಕೊಯ್ಯುವುದು. ಗೇಣು ಬಿಟ್ಟರೆ ಹದಿನೈದು ದಿನಕ್ಕೆ ಮತ್ತೆ ಚಿಗುರು. ನೀರಿನ ಕೆಳಗೆ ಕೊಯ್ದರೆ ದಂಟಿನೊಳಗೆ ನೀರು ನುಗ್ಗಿ ಬೇರು ಉಸಿರುಗಟ್ಟಿ ಸಾಯುತ್ತದೆ. ಕೇರಿಯಲ್ಲಿ ಹುಟ್ಟಿದ ಹೆಣ್ಣಿಗೆ ಕುಡುಗೋಲು ಕೊಡುವ ಮೊದಲು ಕಲಿಸುವ ಪಾಠ ಇದೊಂದೇ: ಮೂಗು ಮುಚ್ಚಬೇಡ.

ಇದನ್ನು ಹೇಳಲೆಂದೇ ಉದ್ದಕ್ಕ ಬಾಯಿ ತೆರೆದಳು. ನಿಜ, ತೆರೆದಿದ್ದಳು. ಹದಿನಾರು ಹೆಂಗಸರು ನೋಡಿದ್ದಾರೆ.

“ಏನು ಬಾಯಿ ಬಿಟ್ಕೊಂಡು ನಿಂತಿದೀಯ?” ಎಂದ ಟೊಪ್ಪಿ. “ನಿಮ್ಮತ್ತೆ ಥರ ನೀನೂ ನಿಂತಲ್ಲೇ ಮಾಡ್ಬೇಡ. ಇಳಿ ನೀರಿಗೆ.”

ತೆರೆದ ಬಾಯಿ ಮುಚ್ಚಿತು.

“ಬರ್ಕೊಡಿ ಸಾರ್,” ಎಂದಳು ಸಮಾಧಾನವಾಗಿ. “ನಿಷೇಧದ ಬೋರ್ಡಿದೆ. ನಾಳೆ ಯಾರಾದ್ರೂ ಬಂದು ಜೊಂಡು ಕೊಯ್ದೋರು ಯಾರು ಅಂತ ನಮ್ಮ ಕುತ್ತಿಗೆ ಹಿಡೀತಾರೆ. ನೀರಿನ ಮೇಲೆ ಒಂದು ಕಡ್ಡಿನೂ ಬಿಡಬಾರದು ಅಂತ ಬರ್ಕೊಡಿ.”

ಅವನು ಬೈದುಕೊಂಡೇ ಆಮಂತ್ರಣ ಪತ್ರಿಕೆಯೊಂದರ ಹಿಂದೆ ಗೀಚಿ, ಸಹಿ ಹಾಕಿ, ಅವಳ ಮುಖಕ್ಕೆ ಚಾಚಿದ. ಉದ್ದಕ್ಕ ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ರವಿಕೆಯೊಳಗೆ ಇಟ್ಟುಕೊಂಡಳು. ನೀರಿಗಿಳಿದಳು.

ಬಗ್ಗಿ, ಭುಜದವರೆಗೆ ಕೈ ಮುಳುಗಿಸಿ, ಕೆಸರಿನ ಅಂಚಿಗೆ ಕುಡುಗೋಲು ಕೊಟ್ಟು ಎಳೆದಳು. ಒಂದು ಹಿಡಿ. ಇನ್ನೊಂದು ಹಿಡಿ. ಕೊಯ್ದ ಕಡೆ ನೀರಿನಿಂದ ಸಾಲು ಸಾಲಾಗಿ ಗುಳ್ಳೆ ಎದ್ದವು.

ಪಕ್ಕದಲ್ಲಿದ್ದ ಓರಗಿತ್ತಿ ಗುಳ್ಳೆ ನೋಡಿದಳು. “ಅಕ್ಕಾ! ಏನು ಮಾಡ್ತಿದೀಯ? ಗೇಣು ಬಿಡೇ!”

“ಬಿಡಲ್ಲ.”

“ಸತ್ತೋಗುತ್ತೆ ಕಣೇ!”

“ಸಾಯ್ಲಿ.”

“ನಮ್ಮ ತುತ್ತು ಕಣೇ ಇದು. ಇವತ್ತಲ್ಲ ನಾಳೆ ಬಿಡ್ತಾರೆ ನಮ್ಮನ್ನ...”

“ತುತ್ತಿಗೆ ಬೇಲಿ ಬಿದ್ದು ವರ್ಷ ಆಯ್ತು. ಅವನ ಕನ್ನಡಿ ಅವನಿಗೆ ಕೊಡ್ತೀನಿ. ಅದರಲ್ಲೇ ಮುಖ ನೋಡ್ಕೊಳ್ಳಲಿ ಬೋಳಿಮಗ.”

“ನನ್ನ ಗಂಡನ ಕೆಲಸ?”

“ಅವನ ಕೆಲಸ ಬೀಗ ಹಾಕೋದು. ಬೀಗ ಎಲ್ಲೂ ಹೋಗಲ್ಲ ಬಿಡು.”

ಓರಗಿತ್ತಿಯ ಮುಖ ಕೆಂಪೇರಿತು. ತನ್ನ ಸಾಲಿನಲ್ಲಿ ಹಟ ಹಿಡಿದು ಗೇಣು ಬಿಟ್ಟೇ ಕೊಯ್ದಳು. ಉದ್ದಕ್ಕ ತನ್ನ ಸಾಲು ಮುಗಿಸಿ, ಓರಗಿತ್ತಿಯ ಹಿಂದಿನಿಂದ ಬಂದು, ಬಿಟ್ಟ ಗೇಣನ್ನೆಲ್ಲ ಹಿಡಿ ಹಿಡಿಯಾಗಿ ಬುಡಕ್ಕೆ ತರಿದಳು. ಮಧ್ಯಾಹ್ನದ ಹೊತ್ತಿಗೆ ಉಳಿದವರಲ್ಲಿ ಕೆಲವರು ಅಳುತ್ತ ಕೊಯ್ಯುತ್ತಿದ್ದರು, ಕೆಲವರು ಹಲ್ಲು ಕಚ್ಚಿ ಕೊಯ್ಯುತ್ತಿದ್ದರು. ಕೊಯ್ಯುತ್ತಿದ್ದದ್ದು ಮಾತ್ರ ಎಲ್ಲರೂ ನೀರಿನ ಕೆಳಗೆ. ಒಂದು ಕಡೆ ಉದ್ದಕ್ಕನ ಕುಡುಗೋಲಿಗೆ ನೀರುಕೋಳಿಯ ಗೂಡು ಸಿಕ್ಕಿತು, ಒಳಗೆ ಆರು ಮೊಟ್ಟೆ. ಕೈ ಒಂದು ಗಳಿಗೆ ನಿಂತಿತು. ಆಮೇಲೆ ಗೂಡಿನ ಸುತ್ತಲ ದಂಟನ್ನೂ ಕೊಯ್ದಳು. ಗೂಡು ತೇಲಿಕೊಂಡು ಹೋಯಿತು. ತಾಯಿ ಹಕ್ಕಿ ಅದರ ಹಿಂದೆಯೇ ಸ್ವಲ್ಪ ದೂರ ಈಜಿತು.

ಉದ್ಘಾಟನೆ ಬಹಳ ಚೆನ್ನಾಗಿ ಆಯಿತೆಂದು ಎಲ್ಲರೂ ಹೇಳುತ್ತಾರೆ. ನೀರು ಕನ್ನಡಿಯಾಗಿತ್ತು. ಉಕ್ಕಿನ ಹಕ್ಕಿ ಮೇಲೊಂದು ಕೆಳಗೊಂದು ಕಂಡಿತು. ವೇದಿಕೆಯ ಮುಂದೆ ನೀರುಕೋಳಿಯ ಗೂಡು ತೇಲಿ ಬಂದಾಗ ಮಂತ್ರಿ ಇದು ಯಾರ ಕಲೆ ಎಂದು ಕೇಳಿದರಂತೆ, ಚಪ್ಪಾಳೆ ಬಿತ್ತಂತೆ.

ಎಂಟನೆಯ ದಿನ ನೀರು ಚಹಾದ ಬಣ್ಣಕ್ಕೆ ತಿರುಗಿತು. ಹದಿನೈದನೆಯ ದಿನ ಕಪ್ಪಾಯಿತು. ಆಮೇಲೆ ವಾಸನೆ. ಕೊಳೆತ ಮೊಟ್ಟೆಯಂಥ ವಾಸನೆ ಮೊದಲು ಬೆಂಚುಗಳನ್ನು ಖಾಲಿ ಮಾಡಿತು, ಆಮೇಲೆ ಜಾರುಬಂಡೆಯನ್ನು, ಆಮೇಲೆ ಬೊಜ್ಜಿನ ಯಂತ್ರಗಳನ್ನು. ಮೀನುಗಳು ಹೊಟ್ಟೆ ಮೇಲೆ ಮಾಡಿ ತೇಲಿದವು. ಅಪಾರ್ಟ್‌ಮೆಂಟಿನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಂಡವು. ನಿಜವಾದ ಹಕ್ಕಿಗಳಲ್ಲಿ ಒಂದೂ ಉಳಿಯಲಿಲ್ಲ.

ಉದ್ದಕ್ಕ ದಿನಾ ಬೆಳಿಗ್ಗೆ ಬೇಲಿಯವರೆಗೆ ಹೋಗಿ ಎದೆತುಂಬ ಆ ವಾಸನೆ ಎಳೆದುಕೊಂಡು ಬರುತ್ತಿದ್ದಳು. ಬಂದ ಮೇಲೇ ಅವಳಿಗೆ ಹಸಿವಾಗುತ್ತಿದ್ದದ್ದು. ಒಳಗೆ ಅತ್ತೆ ಗೋಡೆ ನೋಡುತ್ತ ಮಲಗಿರುತ್ತಿದ್ದಳು. “ನಾರ್ತಿದೆ ಅತ್ತೆ,” ಎಂದು ಹೇಳುತ್ತಿದ್ದಳು ಉದ್ದಕ್ಕ, ತಟ್ಟೆ ಮುಂದಿಡುತ್ತ. “ಚೆನ್ನಾಗಿ ನಾರ್ತಿದೆ.” ಏನು ಮಾಡಿದ್ದೆಂದು ಮಾತ್ರ ಹೇಳಿರಲಿಲ್ಲ.

ತಿಂಗಳು ಕಳೆಯಲು ಎರಡು ದಿನ ಇದ್ದಾಗ ಟೊಪ್ಪಿ ಕೇರಿಗೆ ಬಂದ. ಜೊತೆಗೆ ಮೇಡಂ, ಹಿಂದೆ ಕಾವಲುಗಾರ. ಟೊಪ್ಪಿಯ ಒಂದು ಕೈಯಲ್ಲಿ ಸೀಲು ಹಾಕಿದ ಕಾಗದ, ಇನ್ನೊಂದು ಕೈಯಲ್ಲಿ ಕಪ್ಪು ನೀರು ಸೋರುವ ಚೀಲ, ಚೀಲದಲ್ಲಿ ಜೊಂಡಿನ ಬೇರಿನ ಗಡ್ಡೆ. ಕೇರಿಯ ಹೆಂಗಸರೆಲ್ಲ ಉದ್ದಕ್ಕನ ಬಾಗಿಲಲ್ಲಿ ಕೂಡಿದರು.

“ಏನಮ್ಮ ಇದು,” ಎಂದ ಅವನು. ಮೊದಲ ಸಲ ‘ಅಮ್ಮ’ ಬಂದಿತ್ತು ಬಾಯಲ್ಲಿ. “ಮೇಲಿನವರು ತಪಾಸಣೆ ಅಂತಿದಾರೆ. ಓದಿದೋರನ್ನೆಲ್ಲ ಕರೆಸಿದೆ. ಕೊಯ್ದೋರನ್ನ ಕೇಳಿ ಅಂದ್ರು. ಮತ್ತೆ ಬೆಳೆಯೋ ಹಾಗೆ ಮಾಡಕ್ಕಾಗುತ್ತಾ?”

ಉದ್ದಕ್ಕ ಅವನ ಕೈಯ ಕಾಗದದ ಕಡೆ ನೋಡಿದಳು.

“ಸುಮ್ನೆ ಏನಲ್ಲ. ನೋಡು, ಮೂರರಲ್ಲಿ ಒಂದು ಪಾಲು ನಿಮ್ಮ ಕೇರಿಗೆ. ಶಾಶ್ವತ. ಸಹಿ, ಸೀಲು ಎಲ್ಲ ಆಗಿದೆ. ನಾನು ಬರ್ಕೊಟ್ಟ ಆ ಚೀಟಿ ಮಾತ್ರ ವಾಪಸ್ ಕೊಟ್ಬಿಡು. ಇನ್ನೊಂದು, ಭಾನುವಾರ ಭಾನುವಾರ ಅಜ್ಜಿ ಆ ಮೂಲೇಲಿ ಬಂದು ಕೂರ್ಬೇಕು. ಯೋಜನೇಲಿ ಹಾಗೇ ಇದೆ, ಅದನ್ನ ತೆಗೆಯಕ್ಕಾಗಲ್ಲ.”

ಹೆಂಗಸರ ನಡುವೆ ಗಾಳಿ ಬೀಸಿದಂತಾಯಿತು. ಒಂದು ಪಾಲು. ಸಭೆಯಲ್ಲಿ ಉದ್ದಕ್ಕ ಕೇಳಿದ್ದು ಅಷ್ಟನ್ನೇ.

“ಅವತ್ತಿನ ವಿಷಯ?” ಎಂದಳು ಉದ್ದಕ್ಕ.

“ಯಾವತ್ತಿಂದು?”

ನಾಟಕವಲ್ಲ. ಅವನಿ‌ಗೆ ನಿಜವಾಗಿಯೂ ನೆನಪಿರಲಿಲ್ಲ. ನೆನಪಿಸಿಕೊಳ್ಳಲು ಹಣೆ ಸುಕ್ಕು ಮಾಡಿ ಮೇಡಂ ಕಡೆ ನೋಡಿದ. ಮೇಡಂ ನೆಲ ನೋಡಿದಳು.

ಅಷ್ಟರಲ್ಲಿ ಒಳಗಿನಿಂದ ಕೆಮ್ಮು ಕೇಳಿಸಿತು. ಅತ್ತೆ ಬಾಗಿಲಿಗೆ ಬಂದಿದ್ದಳು, ಚೌಕಟ್ಟು ಹಿಡಿದು. ತಿಂಗಳಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಳು.

“ಗೇಣು ಬಿಡಲಿಲ್ವಾ?” ಎಂದಳು. “ಕೇಳ್ತಿದೀನಿ. ನೀರಿನ ಕೆಳಗೆ ಕೈ ಹಾಕಿದ್ಯಾರು?”

“ನಾನು,” ಎಂದಳು ಉದ್ದಕ್ಕ.

“ಯಾಕೆ?”

“ನಿನಗೆ ಅವನು ಮಾಡಿದ್ದಕ್ಕೆ.”

ಅತ್ತೆ ಸೊಸೆಯ ಕಡೆ ತಿರುಗಿದಳು. “ನನ್ನ ಮಾನ ಒಂದು ಬಟ್ಟೆ ಅಗಲ ಕಣೇ ಮುಂಡೇದೆ. ಒಗೆದಿದ್ರೆ ಹೋಗ್ತಿತ್ತು. ಕೆರೇನ ಯಾವ ಸೋಪಲ್ಲಿ ಒಗೀತೀಯ?”

ಆಮೇಲೆ ಟೊಪ್ಪಿಯ ಕಡೆ ತಿರುಗಿ, ಬಟ್ಟೆ ಸರಿಮಾಡಿಕೊಂಡು, “ಕೂರ್ತೀನಿ ಸಾರ್,” ಎಂದಳು. “ಹಗ್ಗದೊಳಗೇ ಕೂರ್ತೀನಿ. ಪ್ಲಾಸ್ಟಿಕ್ಕೇ ಕೊಡಿ. ಬೆಳಿಗ್ಗೆಯಿಂದ ನೀರು ಕುಡೀದೇ ಬರ್ತೀನಿ.”

ಕಾವಲುಗಾರ ಗೋಡೆಗೆ ಹಣೆ ಒತ್ತಿ ನಿಂತ. ಟೊಪ್ಪಿ ಹಗುರಾಗಿ ಉಸಿರು ಬಿಟ್ಟು, ಚೀಲದಿಂದ ಬೇರಿನ ಗಡ್ಡೆ ತೆಗೆದು ಉದ್ದಕ್ಕನ ಕೈಗಿಟ್ಟ. “ನೋಡಿ ಹೇಳಮ್ಮ. ಜೀವ ಇದೆಯಾ ಇದರಲ್ಲಿ?”

ಮೇಲ್ಮೈ ಕಪ್ಪಾಗಿ ಲೋಳೆಯಾಗಿತ್ತು. ಉದ್ದಕ್ಕ ಹೆಬ್ಬೆರಳ ಉಗುರಿನಿಂದ ಸಿಪ್ಪೆ ಎಬ್ಬಿಸಿದಳು. ಒಳಗೆ ಒಂದು ಬೆರಳಿನಷ್ಟು ದಪ್ಪ ಬೇರು ಬೆಳ್ಳಗಿತ್ತು. ಒತ್ತಿದಳು, ಗಟ್ಟಿಯಾಗಿತ್ತು. ತೂಬು ತೆಗೆದು, ಕೆಸರು ಕಾಣುವವರೆಗೆ ನೀರಿಳಿಸಿ, ಒಂದು ತಿಂಗಳು ಬಿಸಿಲಿಗೆ ಬಿಟ್ಟರೆ ಸಾಕು. ಬಿಳಿಯಿದ್ದದ್ದೆಲ್ಲ ಉಸಿರು ಹಿಡಿದು ಚಿಗುರುತ್ತದೆ. ಇದು ಅವಳಿಗೆ ಗೊತ್ತು. ಇನ್ನು ಹತ್ತು ದಿನ ಹೋದರೆ ಬಿಳಿ ಉಳಿಯುವುದಿಲ್ಲ, ಅದೂ ಗೊತ್ತು. ಭುಜಕ್ಕೆ ಭುಜ ತಾಗಿಸಿ ನಿಂತಿದ್ದ ಓರಗಿತ್ತಿಗೂ ಆ ಬಿಳಿ ಕಂಡಿತು. ಅವಳು ಉದ್ದಕ್ಕನ ತೋಳನ್ನು ಗಟ್ಟಿಯಾಗಿ ಹಿಡಿದಳು. “ಅಕ್ಕ,” ಎಂದಳು, ಕಿವಿಗೆ ಮಾತ್ರ ಕೇಳುವಂತೆ. “ಅಕ್ಕ, ನಿನ್ನ ಕಾಲಿಗೆ ಬೀಳ್ತೀನಿ.”

ಉದ್ದಕ್ಕ ಬೆರಳು ಮಡಚಿ ಬೇರನ್ನು ಮುಷ್ಟಿಯೊಳಗೆ ಮುಚ್ಚಿದಳು.

“ಕೊಳೆತೋಗಿದೆ ಸಾರ್,” ಎಂದಳು. “ಪೂರ್ತಿ. ಇನ್ನು ಯಾರೂ ಏನೂ ಮಾಡಕ್ಕಾಗಲ್ಲ. ನಿಮ್ಮ ಕಾಗದ ತಗೊಂಡು ಹೋಗಿ. ಚೀಟಿ ನಾನು ತಪಾಸಣೆಯವರಿಗೇ ಕೊಡ್ತೀನಿ.”

ಅತ್ತೆ ಒಂದೊಂದೇ ಹೆಜ್ಜೆ ಇಟ್ಟು ಸೊಸೆಯ ಎದುರಿಗೆ ಬಂದು ನಿಂತಳು. ಐವತ್ತು ವರ್ಷ ಜೊಂಡು ಹಿಡಿದು ಸೊಟ್ಟಗಾದ ಕೈಯನ್ನು ಚಾಚಿದಳು.

“ತೋರಿಸು,” ಎಂದಳು.

ಉದ್ದಕ್ಕನ ಮುಷ್ಟಿ ಬಿಚ್ಚಲಿಲ್ಲ.

“ತೋರಿಸೇ.”

ಈಗ ಹೇಳಿ. ಎದುರಿಗೆ ಆ ಕೈ, ಪಕ್ಕದಲ್ಲಿ ಆ ಟೊಪ್ಪಿ. ಮುಷ್ಟಿ ನಿಮ್ಮದಾಗಿದ್ದರೆ ನೀವು ಏನು ಮಾಡುತ್ತಿದ್ದಿರಿ?